ಮೊದಲ ಸಾಲು ಲೆಕ್ಕಕ್ಕಿಲ್ಲ

ಅಂಗಡಿಯ ಒಳಕೋಣೆಯಿಂದ,
ಮಾರ್ಚ್ ಹನ್ನೊಂದು, ಮಂಗಳವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ಕಿವಿ ಮೇಸ್ತ್ರಿಗಳಿಗೆ,

ಊಟ ಆಯಿತೇ? ಈ ಸಾಲು ನಿಮ್ಮ ಕಿವಿಗೆ ಬಿದ್ದಿರುವುದಿಲ್ಲ ಎಂದು ಗೊತ್ತಿದ್ದೇ ಬರೆದಿದ್ದೇನೆ. ನೀವು ರಿಪೇರಿ ಬೆಂಚಿನ ಮುಂದೆ ಕೂತಿದ್ದಾಗ ನಾನು ಆಡಿದ ಮೊದಲ ಮಾತು ಯಾವತ್ತೂ ನಿಮ್ಮೊಳಗೆ ಇಳಿದದ್ದಿಲ್ಲ. ಎರಡನೆಯದಕ್ಕೆ ತಲೆಯೆತ್ತಿ "ಏನಂದೆ?" ಅನ್ನುತ್ತಿದ್ದಿರಿ. ಅದಕ್ಕೇ ಮದುವೆಯಾದ ಹೊಸದರಲ್ಲೇ ನಾನೊಂದು ಉಪಾಯ ಕಲಿತೆ. ಮೊದಲು ಬೆಲೆಯಿಲ್ಲದ ಒಂದು ಮಾತು ಎಸೆಯುವುದು, ಅದು ಗಾಳಿಗೆ ಹೋದ ಮೇಲೆ ಅಸಲು ಸರಕು ಇಳಿಸುವುದು. ಈಗ ಕೇಳಿಸಿಕೊಳ್ಳುತ್ತಿದ್ದೀರಿ ತಾನೇ? ಕಣ್ಣಿಗೆ ಹನಿ ಹಾಕಿಸಿಕೊಳ್ಳುತ್ತಿದ್ದೀರಾ? "ಕಾಣದ ಕಣ್ಣಿಗೆ ಯಾವ ಔಷಧಿ" ಎಂದು ನೀವು ಗೊಣಗುವುದು ಇಲ್ಲಿಗೇ ಕೇಳುತ್ತದೆ. ಕಾಣಲಿ ಎಂದಲ್ಲ, ನೋಯದಿರಲಿ ಎಂದು ಡಾಕ್ಟರು ಕೊಟ್ಟದ್ದು; ಹಾಕಿಸಿಕೊಳ್ಳಿ. ಮಂಡಿ ಹೇಗಿದೆ? ಕೋಲು ಹಿಡಿದು ಮೆಟ್ಟಿಲಿಳಿಯುವುದು ಕೈಗೆ ಕೂತಿತೇ? ರಾತ್ರಿ ನಿದ್ದೆ ಬರುತ್ತದೆಯೇ, ಇಲ್ಲ ಮಗ್ಗುಲು ಬದಲಿಸುತ್ತಾ ಪಕ್ಕದ ಮಂಚದವರ ಗೊರಕೆ ಯಾವ ಸ್ವರದಲ್ಲಿದೆ ಎಂದು ಅಳೆಯುತ್ತಿರುತ್ತೀರಾ?

ಪತ್ರವನ್ನು ಓದಿ ಹೇಳುತ್ತಿರುವ, ತರಬೇತಿ ಕೇಂದ್ರದ ಗ್ರಂಥಾಲಯದ ಅಣ್ಣನಿಗೂ ನಮಸ್ಕಾರ. ಅಣ್ಣಾ, ನೀವು ರೈಲು ತಪ್ಪಿಹೋಗುವ ಹಾಗೆ ಓದುತ್ತೀರಿ ಎಂದು ಇವರು ಫೋನಿನಲ್ಲಿ ದೂರಿದ್ದರು. ಬಾಯಿ ಬಿಟ್ಟು ಹೇಳಿದ್ದು ಅದೊಂದೇ, ಉಳಿದದ್ದೆಲ್ಲ "ಹೂಂ", "ಸರಿ", "ಇಡ್ಲಾ?" ಫೋನನ್ನಾದರೆ ಇಟ್ಟುಬಿಡುತ್ತಾರೆ, ಎದುರಿಗೆ ಕೂತು ಓದುವ ಮನುಷ್ಯನನ್ನು ಇಡಲಾಗುವುದಿಲ್ಲ. ಅದಕ್ಕೇ ಈ ಪತ್ರ. ಗಂಡಹೆಂಡಿರ ಮಾತು ಬಂದ ಕಡೆ ಒಂದು ಸಲ ಕೆಮ್ಮಿ ಮುಂದೆ ಹೋಗಿ, ಬೇಸರವಿಲ್ಲ. ಅಂಕೆಗಳು ಬಂದ ಕಡೆ ಮಾತ್ರ ದಯವಿಟ್ಟು ನಿಧಾನ, ಒಂದನ್ನೂ ನುಂಗಬೇಡಿ.

ನೀವು ಹೇಳಿ ಬರೆಸಿದ ನಾಲ್ಕು ಸಾಲು ತಲುಪಿತು. ತರಬೇತಿ ಮುಗಿದ ಮೇಲೂ ಅಲ್ಲೇ ಇರುತ್ತೀರಂತೆ, ಕುರ್ಚಿಗೆ ಬೆತ್ತ ಹೆಣೆಯುವ ಕೆಲಸ ಕೊಡುತ್ತಾರಂತೆ, ತಿಂಗಳ ಕೊನೆಯೊಳಗೆ ಆಫೀಸಿಗೆ ಒಪ್ಪಿಗೆ ಹೇಳಬೇಕಂತೆ, ನಾನು ಅಂಗಡಿಯನ್ನು ಬಾಡಿಗೆಗೆ ಕೊಟ್ಟು ಆರಾಮಾಗಿರಬೇಕಂತೆ. ಬೆತ್ತದ ಕೆಲಸ ಕೀಳೆಂದು ನಾನು ಅನ್ನುವವಳಲ್ಲ. ಗುಜರಿ ತಕ್ಕಡಿ ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ಸುತ್ತಿದವಳು ನಾನು. ಸತ್ತ ರೇಡಿಯೋಗಳನ್ನು ತೂಕಕ್ಕೆ ಕೊಂಡು, ನಿಮ್ಮ ಕೈಲಿ ಜೀವ ಕೊಡಿಸಿ, ಹಾಡಿಸಿ ಮಾರುತ್ತಿದ್ದೆ. ಒಂದು ದಿನ ಕೂತು ಯೋಚಿಸಿದಾಗ, ರಿಪೇರಿಯವನನ್ನೇ ಕಟ್ಟಿಕೊಂಡರೆ ಕೂಲಿ ಉಳಿಯುತ್ತದಲ್ಲ ಅನ್ನಿಸಿತು. (ಅಣ್ಣಾ, ಇಲ್ಲಿ ಕೆಮ್ಮಿ.) ನಿಮಗೆ ಅಂಗಡಿಯ ಮೇಲೆ ಆಸೆ ಹೋಗಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಆದರೆ ನೀವು ಬರೆಸದೇ ಬಿಟ್ಟ ಐದನೇ ಸಾಲೊಂದು ಇದೆ, ಅದು ನನಗೆ ಓದಲು ಬರುತ್ತದೆ. ಅದು ಬೆಂಚಿನ ಸಾಲು.

ನಿಮ್ಮನ್ನು ಆಸ್ಪತ್ರೆಯಿಂದ ಕರೆತರುವ ಮೊದಲೇ ಬೆಂಚನ್ನು ಎದುರು ಸಾಲಿನ ಬಡಗಿಗೆ ಕೊಟ್ಟುಬಿಟ್ಟಿದ್ದೆ. ಕಾಣದವರ ದಾರಿಗೆ ಅಡ್ಡ, ಎಡವಿ ಬಿದ್ದಾರು, ಮುಟ್ಟಿದಾಗೆಲ್ಲ ಸಂಕಟಪಟ್ಟಾರು ಎಂದು ಒಳ್ಳೆಯದನ್ನೇ ಎಣಿಸಿದ್ದೆ. ನನ್ನ ತಕ್ಕಡಿ ಯಾವಾಗಲೂ ಹಾಗೇ, ಬೇಗ ತೂಗಿ ಬೇಗ ಇಳಿಸಿಬಿಡುತ್ತದೆ. ನೀವು ಬಂದವರೇ ನನ್ನ ತೋಳು ಬಿಡಿಸಿಕೊಂಡು ಬಾಗಿಲಿಂದ ನೇರ ನಡೆದು ಎಡಗೈ ಚಾಚಿದಿರಿ. ಕೈ ಗಾಳಿಯಲ್ಲಿ ನಿಂತಿತು. ಬೆಂಚಿನ ಅಂಚು ಎಲ್ಲಿರಬೇಕಿತ್ತೋ ಸರಿಯಾಗಿ ಆ ಎತ್ತರದಲ್ಲೇ, ಕೂದಲೆಳೆ ಮೇಲಿಲ್ಲ, ಕೆಳಗಿಲ್ಲ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು, ಆಮೇಲೆ ಕೈಯನ್ನು ಜೇಬಿಗೆ ಹಾಕಿಕೊಂಡು "ಜಾಗ ವಿಶಾಲ ಆಯ್ತು" ಅಂದಿರಿ. ಬೈದಿದ್ದರೆ ಅಲ್ಲಿಗಲ್ಲಿಗೆ ಚುಕ್ತಾ ಆಗಿಹೋಗುತ್ತಿತ್ತು. ಬೈಯದೇ ತರಬೇತಿಗೆ ಹೆಸರು ಕೊಟ್ಟು ಹೊರಟಿರಿ. ಬಾಗಿಲು ತೆಗೆದಾಗೆಲ್ಲ ಆ ಕೈ ನನಗೆ ಕಾಣುತ್ತದೆ.

ಅದಕ್ಕಿಂತ ಹಿಂದಿನದೂ ಒಂದು ಮುಳ್ಳಿನ ಹಾಗೆ ಒಳಗೇ ಉಳಿದಿದೆ. ಕಳೆದ ವರ್ಷವಿಡೀ ನೀವು ರೆಸಿಸ್ಟರುಗಳನ್ನು ನನ್ನ ಮೂಗಿನ ಹತ್ತಿರ ಹಿಡಿದು "ಇವಳೇ, ಈ ಪಟ್ಟೆ ಕಂದೋ ಕೆಂಪೋ ನೋಡು" ಅನ್ನುತ್ತಿದ್ದಿರಿ. ನಾನು ಸಲಿಗೆ ಎಂದುಕೊಂಡೆ. ಮುದುಕರಾಗುತ್ತಾ ಇವರಿಗೆ ನನ್ನನ್ನು ಹತ್ತಿರ ಕರೆಯಲು ನೆಪ ಬೇಕಾಗಿದೆ ಎಂದು ಒಳಗೊಳಗೇ ಬೀಗಿದೆ ಕೂಡ. "ಈ ವಯಸ್ಸಲ್ಲಿ ಬಣ್ಣ ಬಣ್ಣದ ಆಟ ಬೇಕಾ ನಿಮಗೆ" ಎಂದು ಗಿರಾಕಿಗಳ ಎದುರಿಗೇ ಹಾಸ್ಯ ಮಾಡಿದೆ, ಅವರೂ ನಕ್ಕರು, ನೀವೂ ನಕ್ಕಿರಿ. ಗಿರಾಕಿಯ ಚಪ್ಪಲಿ ನೋಡಿ ಅವನು ಎಷ್ಟು ಚೌಕಾಶಿ ಮಾಡುತ್ತಾನೆಂದು ಹೇಳುವವಳು ನಾನು. ಒಂದೇ ಸೂರಿನಡಿ ಇದ್ದವರ ಕಣ್ಣು ಆರುತ್ತಿರುವುದು ನನಗೆ ತಿಳಿಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನ ಒಲೆ ಈಗ ಚೆನ್ನಾಗಿ ಉರಿಯುತ್ತಿದೆ.

ಇನ್ನು ಸುದ್ದಿ. ಕಾಲೇಜಿನ ಲ್ಯಾಬಿನಿಂದ ನಿವೃತ್ತರಾದ ಮೇಡಂ ನೆನಪಿದ್ದಾರಲ್ಲ, ಆಂಪ್ಲಿಫೈಯರನ್ನು ಎಳೆಗೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಬರುವವರು? ಎರಡು ವಾರದ ಹಿಂದೆ ಹಾಗೇ ಸುತ್ತಿಕೊಂಡು ಬಂದರು. "ಯಜಮಾನ್ರು ಎಲ್ಲಿ?" ಅಂದರು. ವಿಷಯ ಹೇಳಿ, ನಮ್ಮದು ಮುಗಿಯಿತು ಮೇಡಂ, ಇನ್ನು ಬೇರೆ ಕಡೆ ನೋಡಿಕೊಳ್ಳಿ ಅಂದೆ. ಅವರು ಹೋಗಲಿಲ್ಲ, ಸ್ಟೂಲೆಳೆದುಕೊಂಡು ಕೂತು ಅಲ್ಲಿ ನಿಮಗೆ ಏನೇನು ಕಲಿಸುತ್ತಾರೆ ಎಂದು ಕೇಳಿದರು. ಕಂಪ್ಯೂಟರೇ ಮಾತಾಡುತ್ತದಂತೆ, ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತದಂತೆ ಎಂದೆ. ಹೇಳುತ್ತಿದ್ದ ಹಾಗೇ ನನ್ನ ಬುದ್ಧಿ ಓಡಿತು. ಹಾಗಾದರೆ ಅದು ಸರ್ಕ್ಯೂಟನ್ನೂ ಓದುತ್ತದೆಯೇ ಮೇಡಂ ಎಂದು ಕೇಳಿದೆ.

ಅವರು ಬಿಲ್ಲು ಹಾಕುವ ನಮ್ಮ ಕಂಪ್ಯೂಟರಿನಲ್ಲಿ ಸರ್ಕ್ಯೂಟ್ ಬಿಡಿಸುವ ಸಾಫ್ಟ್‌ವೇರೊಂದನ್ನು ಹಾಕಿ, ಅಂಕುಡೊಂಕಿನ ಗೆರೆ ಎಳೆದು, ಓದುವ ದನಿಯನ್ನು ಆನ್ ಮಾಡಿದರು. ದನಿ "ಚಿತ್ರ" ಅಂತಷ್ಟೇ ಹೇಳಿ ಸುಮ್ಮನಾಯಿತು. ಇನ್ನೊಂದು ತೆರೆದರು, ಅದಕ್ಕೂ "ಚಿತ್ರ". ನಾನು ಚಹಾ ತರಲು ಎದ್ದೆ. ಆಗ ಮೇಡಂ, "ಹಳೇದೊಂದಿದೆ. ಹುಡುಗರು ಬೈಕೊಂಡು ಬೈಕೊಂಡು ಕಲೀತಿದ್ರು. ಅದ್ರಲ್ಲಿ ಚಿತ್ರವೇ ಇಲ್ಲ, ಬರೀ ಬರಹ" ಅಂದರು. ನಾನು ಎದ್ದವಳು ಕೂತೆ. ಚಹಾ ಇವತ್ತಿಗೂ ಬಾಕಿ ಇದೆ.

ಅದು ಇರುವುದು ಹೀಗೆ. ಸರ್ಕ್ಯೂಟಿನಲ್ಲಿ ಎರಡು ತಂತಿ ಸೇರುವ ಜಾಗಕ್ಕೆಲ್ಲ ಒಂದೊಂದು ಅಂಕೆ ಕೊಡಬೇಕು. ಅವರು ನೋಡ್ ಅನ್ನುತ್ತಾರೆ, ನಾನು ಗಂಟು ಅನ್ನುತ್ತೇನೆ. ಆಮೇಲೆ ಯಾವ ಸಾಮಾನು ಯಾವ ಗಂಟಿನಿಂದ ಯಾವ ಗಂಟಿಗೆ, ಬೆಲೆ ಎಷ್ಟು ಎಂದು ಸಾಲಿಗೊಂದರಂತೆ ಬರೆದುಬಿಟ್ಟರೆ ಮುಗಿಯಿತು. ಕಂಪ್ಯೂಟರ್ ಒಳಗೊಳಗೇ ಕರೆಂಟು ಹರಿಸಿ ನೋಡಿ, ಯಾವ ಗಂಟಿನಲ್ಲಿ ಎಷ್ಟು ವೋಲ್ಟ್ ಎಂದು ಅಂಕೆಗಳಲ್ಲೇ ಹೇಳುತ್ತದೆ. ಬೆಸುಗೆಯಿಲ್ಲ, ಹೊಗೆಯಿಲ್ಲ, ಕೈ ಸುಡುವುದಿಲ್ಲ. ಬರೆದದ್ದೂ ಅಕ್ಷರ, ಬಂದದ್ದೂ ಅಕ್ಷರ. ಓದುವ ದನಿಯಿಂದ ಒಂದೂ ತಪ್ಪಿಸಿಕೊಳ್ಳುವುದಿಲ್ಲ. ನನಗೆ ಇದು ಸಾಮಾನು ಇಳಿಸಿಕೊಳ್ಳುವ ಪಟ್ಟಿಯ ಹಾಗೇ ಕಂಡಿತು. ಯಾರಿಂದ, ಯಾರಿಗೆ, ಎಷ್ಟು. ಇಷ್ಟೇನಾ ನಿಮ್ಮ ವಿದ್ಯೆ ಎಂದು ತೋಳೇರಿಸಿದೆ.

ಮೇಡಂ ಕೊಟ್ಟ ಮೊದಲ ಪಾಠ ನೀವು ನಿದ್ದೆಗಣ್ಣಲ್ಲಿ ಮಾಡುವಂಥದ್ದು. ಹನ್ನೆರಡು ವೋಲ್ಟಿನ ಬ್ಯಾಟರಿ, ಅದಕ್ಕೆ ಒಂದರ ಬೆನ್ನಿಗೆ ಒಂದು ಸಮ ಬೆಲೆಯ ಎರಡು ರೆಸಿಸ್ಟರು. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ತೂಕದ ಕಲ್ಲಿಟ್ಟ ಹಾಗೆ. ನಡುವಿನ ಗಂಟಿನಲ್ಲಿ ಆರು ಬರಬೇಕು. ಮೊದಲ ಸಾಲಿಗೆ ಬ್ಯಾಟರಿ ಬರೆದೆ, ಆಮೇಲಿನೆರಡಕ್ಕೆ ರೆಸಿಸ್ಟರು. ಉತ್ತರ ಬಂತು: ಸೊನ್ನೆ. ಅಳಿಸಿ ಬರೆದೆ, ಮತ್ತೆ ಸೊನ್ನೆ. ಬ್ಯಾಟರಿಯನ್ನು ಇಪ್ಪತ್ತನಾಲ್ಕಕ್ಕೆ ಏರಿಸಿದೆ, ಆಗಲೂ ಸೊನ್ನೆಯೇ. ನಿಮ್ಮ ಯಂತ್ರಕ್ಕೆ ಕೊಟ್ಟದ್ದನ್ನೆಲ್ಲ ನುಂಗುವ ರೋಗವಿದೆ ಮೇಡಂ ಅಂದೆ. ಅವರು ನಗುತ್ತಾ, "ಉತ್ತರಾನ ತಲೆಯಿಂದ ಓದ್ಸಿ" ಅಂದರು. ಓದಿಸಿದೆ. ಉತ್ತರದ ಮೇಲೆ ಸರ್ಕ್ಯೂಟಿನ ಹೆಸರು ಎಂದಿರುವ ಕಡೆ ನನ್ನ ಬ್ಯಾಟರಿ ಕೂತಿತ್ತು. ಈ ಸಾಫ್ಟ್‌ವೇರ್ ಮೊದಲ ಸಾಲಿನಲ್ಲಿ ಏನೇ ಬರೆಯಲಿ, ಅದನ್ನು ಬರೀ ಹೆಸರು ಅಂದುಕೊಂಡು ಪಕ್ಕಕ್ಕಿಡುತ್ತದಂತೆ. ಲೆಕ್ಕ ಶುರುವಾಗುವುದು ಎರಡನೇ ಸಾಲಿನಿಂದ. ನಾನು ಕೊಟ್ಟ ಬ್ಯಾಟರಿಯನ್ನು ಅದು ಮಾತೆಂದೇ ಪರಿಗಣಿಸಿರಲಿಲ್ಲ.

ನನಗೆ ಬಂದ ನಗು ನೋಡಿ ಮೇಡಂ ಗಾಬರಿಯಾದರು. ನಮ್ಮನೆಯವರೇ ಇದರೊಳಗೆ ಕೂತಿದ್ದಾರೆ ಮೇಡಂ ಅಂದೆ. ಆಮೇಲೆ ನನ್ನ ಹಳೆಯ ಉಪಾಯವನ್ನೇ ಮಾಡಿದೆ. ಮೊದಲ ಸಾಲಿಗೆ ಇಂಗ್ಲಿಷ್ ಅಕ್ಷರದಲ್ಲಿ "ಊಟ ಆಯ್ತಾ" ಎಂದು ಹೊಡೆದು, ಬ್ಯಾಟರಿಯನ್ನು ಎರಡನೇ ಸಾಲಿಗೆ ಇಳಿಸಿದೆ. ಕಂಪ್ಯೂಟರಿನ ಹೆಣ್ಣು ದನಿ ಪರದೇಶದವಳ ಹಾಗೆ ರಾಗವೆಳೆದು "ಊಟ ಆಯ್ತಾ" ಅಂತು. ಆಮೇಲೆ, ಎರಡನೇ ಗಂಟಿನಲ್ಲಿ ಆರು ಅಂತು. ನಗುತ್ತಿದ್ದವಳಿಗೆ ಅಳು ಯಾವಾಗ ಬಂತೋ ತಿಳಿಯಲಿಲ್ಲ. ಮೇಡಂ ಎದ್ದು ಕಿಟಕಿಯ ಹತ್ತಿರ ಹೋಗಿ ಬೀದಿ ನೋಡುತ್ತಾ ನಿಂತರು, ಒಳ್ಳೆಯವರು.

ಅಲ್ಲಿಂದ ದಿನಾ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಅಭ್ಯಾಸ. ಇನ್ನೊಂದು ಪೆಟ್ಟು ತಿಂದದ್ದು ಸೊನ್ನೆಯಿಂದ. ಯಾವುದಾದರೂ ಒಂದು ಗಂಟಿಗೆ ಸೊನ್ನೆ ಎಂದೇ ಹೆಸರಿಡಬೇಕಂತೆ, ಅದು ನೆಲ. ನಾನು ಜಾಣತನ ಮಾಡಿ ಒಂದರಿಂದ ಎಣಿಸಿದ್ದೆ, ಕಂಪ್ಯೂಟರ್ ಲೆಕ್ಕವನ್ನೇ ಮಾಡಲ್ಲ ಎಂದು ಕೂತುಬಿಟ್ಟಿತು. ಸರಿಯೇ ಅನ್ನಿ. ನೆಲ ಎಲ್ಲಿದೆ ಎಂದು ತೋರಿಸದೆ ಎತ್ತರ ಅಳೆ ಅಂದರೆ ಯಾರು ಅಳೆದಾರು?

ಈಗ ನಿಮ್ಮ ಹತ್ತಿರ ಕೆಲಸವಿದೆ. ಬಸ್ ನಿಲ್ದಾಣದ ಮೇಲ್ವಿಚಾರಕರು ಅವರ ದೊಡ್ಡ ಆಂಪ್ಲಿಫೈಯರನ್ನು ತಂದಿಟ್ಟು ಹೋಗಿದ್ದಾರೆ. ಮೈಕಿನಲ್ಲಿ ಕೂಗಿದರೆ ಮಾತಿಗಿಂತ ಗುಂಯ್‌ಗುಡುವುದೇ ಹೆಚ್ಚಂತೆ; ಉತ್ತರಕ್ಕೆ ಹೋಗುವವರು ದಕ್ಷಿಣದ ಬಸ್ಸು ಹತ್ತಿ ಅವರನ್ನು ಬೈಯುತ್ತಾರಂತೆ. ಇರಲಿ, ಅಭ್ಯಾಸಕ್ಕಾಯಿತು ಎಂದು ಇಟ್ಟುಕೊಂಡೆ. ಮೀಟರ್ ಹಿಡಿದು, ತಂತಿ ತಂತಿ ಹುಡುಕಿ, ಅದರ ಪವರ್ ಸಪ್ಲೈಯನ್ನು ಗಂಟು ಗಂಟಾಗಿ ಬರೆದಿದ್ದೇನೆ. ಅಣ್ಣಾ, ಈಗ ನಿಧಾನ.

ಊಟ ಆಯ್ತಾ.
ವಿ ಒಂದು: ಗಂಟು ಒಂದು, ಗಂಟು ಎರಡು. ಟ್ರಾನ್ಸ್‌ಫಾರ್ಮರಿನಿಂದ ಬರುವ ಏರಿಳಿತದ ಕರೆಂಟು, ಸೆಕೆಂಡಿಗೆ ಐವತ್ತು ಸುತ್ತು.
ಡಿ ಒಂದು: ಒಂದರಿಂದ ಮೂರಕ್ಕೆ.
ಡಿ ಎರಡು: ಎರಡರಿಂದ ಮೂರಕ್ಕೆ.
ಡಿ ಮೂರು: ಸೊನ್ನೆಯಿಂದ ಒಂದಕ್ಕೆ.
ಡಿ ನಾಲ್ಕು: ಸೊನ್ನೆಯಿಂದ ಎರಡಕ್ಕೆ.
ಸಿ ಒಂದು: ಮೂರರಿಂದ ಸೊನ್ನೆಗೆ, ನಾಲ್ಕು ಸಾವಿರದ ಏಳುನೂರು ಮೈಕ್ರೋ.
ಆರ್ ಒಂದು: ಮೂರರಿಂದ ಸೊನ್ನೆಗೆ, ಇಪ್ಪತ್ತು.
ಮುಗಿಯಿತು.

ಅಣ್ಣಾ, ಒಮ್ಮೆ ತಲೆಯೆತ್ತಿ ಇವರ ಬಲಗೈ ನೋಡಿ. ಹೆಬ್ಬೆರಳು ಮಿಕ್ಕ ಬೆರಳುಗಳ ತುದಿಯನ್ನು ಒಂದೊಂದಾಗಿ ಮುಟ್ಟುತ್ತಿದೆಯೇ? ಮುಟ್ಟುತ್ತಿದ್ದರೆ ನಾಲ್ಕೂ ಡಯೋಡುಗಳು ಇವರ ತಲೆಯೊಳಗೆ ತಮ್ಮ ತಮ್ಮ ಜಾಗದಲ್ಲಿ ಕೂತವು ಎಂದರ್ಥ. ಬೆಂಚಿನ ಮೇಲೂ ಹಾಗೇ ಮಾಡುತ್ತಿದ್ದರು. ನೀವು ಓದಿದ್ದು ನಿಮಗೆ ಮಂತ್ರದ ಹಾಗೆ ಕೇಳಿರುತ್ತದೆ. ಇವರಿಗೆ ಅದು ಪೆಟ್ಟಿಗೆಯ ಮುಚ್ಚಳ ತೆಗೆದ ಹಾಗೆ.

ಇನ್ನು ನನ್ನ ಸಂಶೋಧನೆ ಕೇಳಿ, ನಗಬೇಡಿ. ಇದ್ದದ್ದನ್ನು ಇದ್ದ ಹಾಗೆ ಓಡಿಸಿದರೆ ಮೂರನೇ ಗಂಟಿನಲ್ಲಿ ಅಲೆ ಚಿಕ್ಕದು, ಸೆಕೆಂಡಿಗೆ ನೂರು. ಡಿ ನಾಲ್ಕರ ಸಾಲನ್ನು ಅಳಿಸಿ ಓಡಿಸಿದರೆ ಅಲೆ ಹೆಚ್ಚುಕಡಿಮೆ ಇಮ್ಮಡಿ, ಬರುವುದು ಮಾತ್ರ ಐವತ್ತೇ ಸಲ. ಅಂಕೆಗಳ ಸಾಲನ್ನು ನೋಡುತ್ತಿದ್ದಾಗ ನಿಮ್ಮ ಮಾತು ತಟ್ಟನೆ ನೆನಪಾಯಿತು. "ತೆಳು ಗುಂಯ್ ಆದ್ರೆ ಕೆಪಾಸಿಟರ್ ನೋಡು, ದಪ್ಪ ಗುಂಯ್ ಆದ್ರೆ ಬೇರೆ ಕಡೆ ಹುಡುಕು" ಎಂದು ಸ್ಪೀಕರಿಗೆ ಕಿವಿ ಇಟ್ಟುಕೊಂಡು ಹೇಳುತ್ತಿದ್ದಿರಲ್ಲ. ನೂರರದ್ದು ತೆಳು, ಐವತ್ತರದ್ದು ದಪ್ಪ. ಗಿರಾಕಿಗಳನ್ನು ಹಿಡಿದಿಡಲು ಆಡುವ ಒಗ್ಗರಣೆ ಮಾತು ಎಂದುಕೊಂಡಿದ್ದೆ ನಾನು. ಅದಕ್ಕೇ ಊರವರು ಕಿವಿ ಮೇಸ್ತ್ರಿ ಅಂದರೂ, ನನ್ನ ಮಟ್ಟಿಗೆ ನೀವು ಕಣ್ಣಿನ ಕೆಲಸದವರೇ ಆಗಿದ್ದಿರಿ. ಭೂತಗನ್ನಡಿ, ಬಗ್ಗಿದ ಕತ್ತು, ಸಣ್ಣಗೆ ಮಾಡಿದ ಕಣ್ಣು; ಕೌಂಟರಿನಿಂದ ನನಗೆ ಕಾಣುತ್ತಿದ್ದದ್ದು ಅಷ್ಟೇ. ಕಣ್ಣು ಹೋಯಿತು ಅಂದಾಕ್ಷಣ ಅಂಗಡಿಯೇ ಹೋಯಿತೆಂದು ತೂಗಿಬಿಟ್ಟೆ. ಕಿವಿಯನ್ನು ತಟ್ಟೆಗೆ ಹಾಕಲೇ ಇಲ್ಲ.

ಇನ್ನೂ ಹೊಟ್ಟೆ ಉರಿಸುವ ಮಾತೆಂದರೆ, ಈ ಸಾಫ್ಟ್‌ವೇರ್ ಹೊಸದೇನೂ ಅಲ್ಲವಂತೆ. ನಮ್ಮ ಮದುವೆಗಿಂತ ಹಳೆಯದಂತೆ, ಕಾಸೂ ಕೊಡಬೇಕಿಲ್ಲವಂತೆ. ಮೇಡಂ ವರ್ಷವರ್ಷ ನಮ್ಮ ಕೌಂಟರಿಗೆ ಬಂದು ಹೋಗುತ್ತಿದ್ದರು. ನೀವು ನನಗೆ ಕಂದೋ ಕೆಂಪೋ ಎಂದು ಕೇಳುತ್ತಿದ್ದ ಆ ವರ್ಷವೂ ಬಂದಿದ್ದರು. ಆಗಲೇ ಯಾಕೆ ಕೇಳುತ್ತಾರೆ ಎಂದು ಒಂದು ಸಲ ನಿಂತು ಯೋಚಿಸಿದ್ದರೆ, ಅರ್ಧ ಕಣ್ಣಿರುವಾಗಲೇ ನೀವು ಇದನ್ನು ಕಲಿತಿರುತ್ತಿದ್ದಿರಿ. ಒಂದು ಕಾಲು ಬೆಂಚಿನಲ್ಲಿ, ಒಂದು ಕಾಲು ಇದರಲ್ಲಿ. ಕತ್ತಲಾದಾಗ ಕಾಲಿಡಲು ಮೆಟ್ಟಿಲಿರುತ್ತಿತ್ತು. ಅದನ್ನು ಈಗ ಎಷ್ಟು ಬರೆದರೂ ಸರಿಯಾಗುವುದಿಲ್ಲ. ಬರೆಯುತ್ತಿದ್ದೇನೆ ಅಷ್ಟೇ.

ನಿಲ್ದಾಣದ ಪೆಟ್ಟಿಗೆಗೆ ಬರೋಣ. ಅದರ ಗುಂಯ್ ದಪ್ಪದ್ದು, ನನ್ನ ಮೊಂಡು ಕಿವಿಗೂ ಗೊತ್ತಾಗುತ್ತದೆ. ಆದರೆ ನಾಲ್ಕೂ ಡಯೋಡುಗಳನ್ನು ಕಿತ್ತು ಮೀಟರಿಗಿಟ್ಟೆ, ಒಂದಕ್ಕೂ ರೋಗವಿಲ್ಲ. ಬರಹದ ಸರ್ಕ್ಯೂಟು ತೆಪ್ಪಗಿದೆ, ಎದುರಿಗಿರುವ ಸರ್ಕ್ಯೂಟು ಗುಂಯ್‌ಗುಡುತ್ತಿದೆ. ಮೇಡಂ ಎರಡು ದಿನ ತಲೆ ಕೆರೆದುಕೊಂಡು, "ನಾನು ಪಾಠ ಮಾಡಿದೋಳು, ರಿಪೇರಿ ಮಾಡಿದೋಳಲ್ಲಮ್ಮ. ಇದು ಬರೆದಿದ್ದನ್ನ ಮಾತ್ರ ನಂಬುತ್ತೆ. ನಾವು ಬರೀದೇ ಬಿಟ್ಟಿದ್ದು ಏನೋ ಇದೆ. ಅದನ್ನ ಹುಡುಕೋಕೆ ಅವ್ರೇ ಬೇಕು" ಅಂದರು. ಏನು ಬಿಟ್ಟಿದ್ದೇವೆ ಎಂದು ನಿಮಗೆ ಅಲ್ಲೇ ಹೊಳೆದರೆ ಅಣ್ಣನಿಂದ ಬರೆಸಿ. ಹೊಳೆಯದಿದ್ದರೆ ಪೆಟ್ಟಿಗೆಯನ್ನು ಅಲ್ಲಿಗೆ ಹೊತ್ತು ತರಲಾಗುವುದಿಲ್ಲ. ಅದು ನನ್ನಷ್ಟೇ ತೂಕವಿದೆ, ನನ್ನಷ್ಟೇ ಸದ್ದು ಮಾಡುತ್ತದೆ.

ಬಿಡುವು ಮುಗಿಯಿತು, ಕೌಂಟರಿನಲ್ಲಿ ಯಾರೋ ನಾಣ್ಯದಿಂದ ಗಾಜು ಕುಟ್ಟುತ್ತಿದ್ದಾರೆ. ಹನಿ ಮರೆಯಬೇಡಿ. ಮೆಟ್ಟಿಲಿನ ಹತ್ತಿರ ಅವಸರ ಬೇಡ. ಅಲ್ಲಿಯ ಅಡುಗೆಯವರಿಗೆ, ಕೋಲು ಹಿಡಿಯಲು ಕಲಿಸಿದ ಮೇಷ್ಟರಿಗೆ ನನ್ನ ನಮಸ್ಕಾರ ಹೇಳಿ. ಮೇಡಂ ನಿಮ್ಮನ್ನು ಕೇಳಿದೆನೆಂದು ತಿಳಿಸಲು ಹೇಳಿದ್ದಾರೆ. ಗ್ರಂಥಾಲಯದ ಅಣ್ಣನ ಕೆಮ್ಮು ಬೇಗ ವಾಸಿಯಾಗಲಿ. ಎಲ್ಲಿದ್ದರೂ ನೀವು ಚೆನ್ನಾಗಿರಬೇಕು, ಮಿಕ್ಕದ್ದೆಲ್ಲ ಆಮೇಲೆ.

ಇಂತಿ,
ನೀವು ಹೆಸರಿಟ್ಟ ಹಾಗೆ,
ನಿಮ್ಮ ತಕ್ಕಡಿ

ಮರೆತಿದ್ದೆ: ಮರೆತಿರಲಿಲ್ಲ, ಮೊದಲಿಗೆ ಬರೆದರೆ ಕೇಳಿಸಿಕೊಳ್ಳುವವರಲ್ಲ ಎಂದು ಕೊನೆಗಿಟ್ಟೆ. ನಿಲ್ದಾಣದ ಪೆಟ್ಟಿಗೆ ಅಭ್ಯಾಸಕ್ಕೆ ಇಟ್ಟುಕೊಂಡದ್ದಲ್ಲ. ಕಿವಿ ಮೇಸ್ತ್ರಿ ತರಬೇತಿ ಮುಗಿಸಿಕೊಂಡು ತಿಂಗಳ ಕೊನೆಗೆ ಬರುತ್ತಾರೆ, ಬಂದು ಅವರೇ ಕಿವಿ ಇಡುತ್ತಾರೆ ಎಂದು ನಿಮ್ಮ ಹೆಸರಿನಲ್ಲಿ ಮಾತು ಕೊಟ್ಟುಬಿಟ್ಟಿದ್ದೇನೆ. ನಿಮಗೆ ಬೆತ್ತವೇ ಸರಿ ಅನ್ನಿಸಿದರೆ ಒಂದು ಸಾಲು ಬರೆಸಿ, ಪೆಟ್ಟಿಗೆ ವಾಪಸು ಮಾಡಿ ನಾನೇ ತಪ್ಪಾಯಿತು ಅನ್ನುತ್ತೇನೆ. ನಿಮ್ಮ ಮೇಲೆ ಮಾತು ಬರಗೊಡುವುದಿಲ್ಲ. ಬೆಂಚನ್ನು ವಾಪಸು ತಂದಿದ್ದೇನೆ. ಬಡಗಿ ಕೂತು ಉಜ್ಜಲು ಅನುಕೂಲವೆಂದು ಅದರ ಕಾಲುಗಳನ್ನು ಗೇಣುದ್ದ ಕತ್ತರಿಸಿಬಿಟ್ಟಿದ್ದ, ಕತ್ತರಿಸಿದ ತುಂಡುಗಳೂ ಸಿಗಲಿಲ್ಲ. ಇಟ್ಟಿಗೆ ಕೊಟ್ಟು ಎತ್ತರಿಸಿ, ಅದೇ ಗೋಡೆಗೆ, ಅದೇ ಜಾಗದಲ್ಲಿ ನಿಲ್ಲಿಸಿದ್ದೇನೆ. ಅಲ್ಲಾಡುವುದಿಲ್ಲ. ಆದರೆ ಎಷ್ಟು ಮಾಡಿದರೂ ಒಂದು ಬೆರಳು ತಗ್ಗಾಗಿಯೇ ಉಳಿಯಿತು. ಬಾಗಿಲಿಂದ ನೇರ ಬಂದು ಕೈ ಚಾಚುವಾಗ ಸ್ವಲ್ಪ ಕೆಳಗೆ ಚಾಚಿ.